ಒಂದೇ ವೃತ್ತಿ, ಎರಡು ವಂಶ: ಕಡಲಿನ ಪರೋಪಜೀವಿ ಕಿರುಶಂಖಗಳ ವರ್ಗೀಕರಣ

ಲಕ್ಷ್ಮೇಶ್ವರದ ಶಂಖಬಸದಿಯನ್ನು ಅರಿಯದ ಇತಿಹಾಸದ ವಿದ್ಯಾರ್ಥಿಯು ನಮ್ಮ ಭಾಗದಲ್ಲಿ ವಿರಳ. ನೇಮಿನಾಥ ತೀರ್ಥಂಕರನ ಲಾಂಛನವೇ ಶಂಖ. ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿಗಳ ಹಳೆಯ ಮನೆಗಳಲ್ಲಿ ಆಟದ ಕವಡೆಗಳು ಇಂದಿಗೂ ಸಿಗುತ್ತವೆ. ಎಲ್ಲಮ್ಮನ ಜೋಗತಿಯರ ಕೊರಳಲ್ಲಿ ಕವಡೆಯ ಸರವಿರುತ್ತದೆ. ಕಡಲಿನಿಂದ ಇಷ್ಟು ದೂರವಿದ್ದರೂ ಕಡಲಿನ ಚಿಪ್ಪು ನಮ್ಮ ದೇವಾಲಯ, ಆಟ, ಆಭರಣಗಳಲ್ಲೆಲ್ಲ ಸೇರಿಹೋಗಿದೆ. ಆದರೆ ಈ ಚಿಪ್ಪುಗಳ ಒಡೆಯನಾದ ಪ್ರಾಣಿಯನ್ನು ಜೀವಂತವಾಗಿ ಕಂಡವರು ನಮ್ಮಲ್ಲಿ ಕೆಲವರೇ. ನಾವು ಪ್ರತಿವರ್ಷ ಕಾಣುವದು ಮುಂಗಾರಿನಲ್ಲಿ ಬದುವಿನ ಮೇಲೆ ಹರಿದಾಡುವ ಬಸವನಹುಳುವನ್ನು ಮಾತ್ರ.

ಉತ್ಖನನದಲ್ಲಿ ದೊರೆತ ಶಂಖ-ಕವಡೆಗಳು ವ್ಯಾಪಾರದ ಇತಿಹಾಸಕ್ಕೆ ಹೇಗೆ ಆಧಾರವಾಗುತ್ತವೆಂದು ತರಗತಿಯಲ್ಲಿ ವಿವರಿಸುತ್ತಿದ್ದಾಗ ಒಬ್ಬ ವಿದ್ಯಾರ್ಥಿಯು, “ಗುರುಗಳೇ, ಇವುಗಳ ಜಾತಿಯನ್ನು ಯಾವ ಆಧಾರದಿಂದ ನಿಶ್ಚಯಿಸುತ್ತಾರೆ? ಆಕಾರವನ್ನು ನೋಡಿದರೆ ಸಾಕೇ?” ಎಂದು ಕೇಳಿದನು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಪ್ರಾಣಿಶಾಸ್ತ್ರದ ಸಹೋದ್ಯೋಗಿಗಳೊಬ್ಬರು ಕಾರವಾರದ ದಂಡೆಯ ಒಂದು ಚಿಟಿಕೆ ಮರಳನ್ನು ಭೂತಗನ್ನಡಿಯ ಕೆಳಗಿಟ್ಟು ತೋರಿಸಿದರು. ಬರಿಗಣ್ಣಿಗೆ ಮರಳಿನ ಕಣಗಳಂತಿದ್ದವುಗಳಲ್ಲಿ ಕೆಲವು ಶಿಖರದಂತೆ ಚೂಪಾದ ಬಿಳಿಯ ಕಿರುಶಂಖಗಳಾಗಿದ್ದವು. ಇಂಥ ಕಿರುಶಂಖಗಳಲ್ಲಿ ಪರೋಪಜೀವಿಗಳಾದ ಎರಡು ಕುಟುಂಬಗಳಿವೆಯೆಂದೂ, ಅವುಗಳ ವರ್ಗೀಕರಣದ ಕಥೆಯೇ ನನ್ನ ವಿದ್ಯಾರ್ಥಿಗೆ ತಕ್ಕ ಉತ್ತರವೆಂದೂ ಅವರು ಹೇಳಿದರು. ಆ ಕಥೆಯನ್ನು ಇತಿಹಾಸದ ಅಧ್ಯಾಪಕನೊಬ್ಬನಿಗೆ ತಿಳಿದಮಟ್ಟಿಗೆ ನಿರೂಪಿಸುವದೇ ಈ ಲೇಖನದ ಉದ್ದೇಶ.

೧. ಎರಡು ಕುಟುಂಬಗಳು

ಶಂಖ, ಕವಡೆ, ಬಸವನಹುಳು ಇವೆಲ್ಲವೂ ಮೃದ್ವಂಗಿಗಳೆಂಬ ದೊಡ್ಡ ವಿಭಾಗದಲ್ಲಿ ಉದರಪಾದಿಗಳೆಂಬ ವರ್ಗಕ್ಕೆ ಸೇರಿದವು. ಹೊಟ್ಟೆಯೇ ಪಾದವಾಗಿ ಹರಿಯುವ ಪ್ರಾಣಿಗಳಾದ್ದರಿಂದ ಆ ಹೆಸರು. ಇವುಗಳಲ್ಲಿ ಬಹುಪಾಲು ಪ್ರಾಣಿಗಳ ಬಾಯಲ್ಲಿ ಸಾಲುಸಾಲಾಗಿ ಹಲ್ಲುಗಳಿರುವ, ಅರದಂಥ ಒಂದು ನಾಲಗೆಯಿರುತ್ತದೆ. ಅದರಿಂದ ಪಾಚಿಯನ್ನೋ ಎಲೆಯನ್ನೋ ಮಾಂಸವನ್ನೋ ಕೆರೆದು ತಿನ್ನುತ್ತವೆ.

ನಮ್ಮ ಪ್ರಸ್ತುತ ವಿಷಯವಾದ ಎರಡು ಕುಟುಂಬಗಳಿಗೆ ಯೂಲಿಮಿಡೀ ಮತ್ತು ಪಿರಮಿಡೆಲ್ಲಿಡೀ ಎಂದು ಹೆಸರು. ಇವುಗಳಲ್ಲಿ ಹೆಚ್ಚಿನವು ಕೆಲವೇ ಮಿಲಿಮೀಟರು ಉದ್ದದವು. ಜೋಳದ ಕಾಳಿಗಿಂತಲೂ ಚಿಕ್ಕವು ಅನೇಕ. ಎರಡಕ್ಕೂ ಅರದ ನಾಲಗೆಯಿಲ್ಲ. ಎರಡೂ ಸೊಂಡಿಲನ್ನು ಚಾಚಿ ಬೇರೆ ಪ್ರಾಣಿಯ ದೇಹರಸವನ್ನು ಹೀರಿ ಬದುಕುತ್ತವೆ. ಎಮ್ಮೆಯ ಮೈಗೆ ಹತ್ತಿದ ಉಣ್ಣಿಯನ್ನು ಬಲ್ಲ ನಮ್ಮ ರೈತನಿಗೆ ಈ ಜೀವನಕ್ರಮವನ್ನು ವಿವರಿಸಬೇಕಾಗಿಲ್ಲ.

ಯೂಲಿಮಿಡೀ ಕುಟುಂಬದ ಪ್ರಾಣಿಗಳಿಗೆ ಆತಿಥೇಯರೆಂದರೆ ಕಂಟಕಚರ್ಮಿಗಳು, ಅಂದರೆ ನಕ್ಷತ್ರಮೀನು, ಸಮುದ್ರಸೌತೆ, ಕಡಲಿನ ಮುಳ್ಳುಚೆಂಡು ಮುಂತಾದವು. ಇವುಗಳ ಚಿಪ್ಪು ಸಾಮಾನ್ಯವಾಗಿ ನುಣುಪು, ಹೊಳಪು, ಬಿಳುಪು. ಕೆಲವು ಒಂದು ಕಡೆಗೆ ತುಸು ಬಾಗಿರುತ್ತವೆ. ಕೆಲವು ಪ್ರಭೇದಗಳು ಆತಿಥೇಯನ ಮೈಮೇಲೆ ಸ್ವಲ್ಪ ಕಾಲ ಕುಳಿತು ಹೀರಿ ಹೊರಟುಹೋಗುತ್ತವೆ. ಕೆಲವು ಅಲ್ಲಿಯೇ ನೆಲೆಸುತ್ತವೆ. ತೈಕ ಎಂಬ ಜಾತಿಯದು ಟೊಪ್ಪಿಗೆಯ ಆಕಾರ ತಾಳಿ ನಕ್ಷತ್ರಮೀನಿನ ತೋಳಿಗೆ ಅಂಟಿಕೊಂಡಿರುತ್ತದೆ. ಸ್ಟೈಲಿಫರ್ ಎಂಬದು ನಕ್ಷತ್ರಮೀನಿನ ಚರ್ಮದೊಳಗೇ ಹುದುಗಿ ಅಲ್ಲಿ ಗಂಟನ್ನುಂಟುಮಾಡುತ್ತದೆ. ಇನ್ನು ಕೆಲವು ಸಮುದ್ರಸೌತೆಯ ಹೊಟ್ಟೆಯೊಳಗೆ ವಾಸಮಾಡಿ, ಚಿಪ್ಪು, ಕಣ್ಣು, ಪಾದ ಎಲ್ಲವನ್ನೂ ಕಳೆದುಕೊಂಡು ಮೊಟ್ಟೆ ತುಂಬಿದ ಒಂದು ಚೀಲ ಮಾತ್ರವಾಗಿ ಉಳಿಯುತ್ತವೆ.

ಈ ಕಡೆಯ ಬಗೆಯ ಪ್ರಾಣಿಯು ಪಂಡಿತರನ್ನು ಎಷ್ಟು ಗೊಂದಲಕ್ಕೀಡುಮಾಡಿತೆಂಬದಕ್ಕೆ ಒಂದು ಪ್ರಸಿದ್ಧ ನಿದರ್ಶನವುಂಟು. ಬರ್ಲಿನ್ನಿನ ಅಂಗರಚನಾಶಾಸ್ತ್ರಜ್ಞನಾದ ಯೋಹಾನೆಸ್ ಮ್ಯೂಲರನು ೧೮೫೧ರಲ್ಲಿ ಟ್ರಿಯೆಸ್ಟ್ ಬಂದರದ ಬಳಿ ಸಮುದ್ರಸೌತೆಯೊಂದನ್ನು ಸೀಳಿದಾಗ, ಅದರೊಳಗೊಂದು ಹುಳುವಿನಂಥ ಚೀಲವೂ, ಚೀಲದೊಳಗೆ ಚಿಪ್ಪು-ಮುಚ್ಚಳಗಳುಳ್ಳ ಅಸಂಖ್ಯ ಕಿರುಶಂಖಗಳೂ ಕಂಡವು. ಚೀಲವು ಸಮುದ್ರಸೌತೆಯದೇ ಅಂಗವೋ, ಬೇರೊಂದು ಪ್ರಾಣಿಯೋ? ಒಂದು ಪ್ರಾಣಿಯು ಬೇರೆ ವಿಭಾಗದ ಪ್ರಾಣಿಯನ್ನು ಹಡೆಯುವದುಂಟೇ? ೧೮೫೨ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿಯೇ ಸಮುದ್ರಸೌತೆಗಳಲ್ಲಿ ಶಂಖಪ್ರಾಣಿಗಳ ಉತ್ಪತ್ತಿ ಎಂಬ ಮಾತಿದೆ. ಚೀಲವೇ ತಾಯಿಶಂಖ, ಪರೋಪಜೀವನದಿಂದ ತನ್ನ ರೂಪವನ್ನು ಕಳೆದುಕೊಂಡ ಉದರಪಾದಿ, ಎಂಬದು ಮುಂದೆ ಸ್ಪಷ್ಟವಾಯಿತು. ತಾಯಿಯಲ್ಲಿ ಅಳಿಸಿಹೋದ ವಂಶದ ಗುರುತು ಮರಿಯಲ್ಲಿ ಉಳಿದಿತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಉಪಯೋಗವಿದೆ.

ಪಿರಮಿಡೆಲ್ಲಿಡೀ ಕುಟುಂಬದ ರೀತಿ ಬೇರೆ. ಇವುಗಳ ಆತಿಥೇಯರು ಹೆಚ್ಚಾಗಿ ಸಿಂಪಿಗಳು, ಇತರ ಮೃದ್ವಂಗಿಗಳು ಮತ್ತು ಕೊಳವೆಗಳಲ್ಲಿ ವಾಸಿಸುವ ಕಡಲಹುಳುಗಳು. ಇವು ಒಳಗೆ ಹೊಗುವದಿಲ್ಲ. ಸಿಂಪಿಯ ಅಂಚಿನಲ್ಲಿ ಹೊರಗೇ ಕುಳಿತು, ಅದು ಬಾಯಿ ತೆರೆದಾಗ ನೀಳವಾದ ಸೊಂಡಿಲನ್ನು ಒಳಗೆ ಚಾಚುತ್ತವೆ. ಸೊಂಡಿಲಿನ ತುದಿಯಲ್ಲಿ ಹಿಡಿದುಕೊಳ್ಳುವ ಬಟ್ಟಲೊಂದು, ಅದರ ನಡುವೆ ಚುಚ್ಚುವ ಸೂಜಿಯೊಂದು, ಹಿಂದೆ ರಸವನ್ನು ಎಳೆಯುವ ಸ್ನಾಯುವಿನ ಪಂಪು ಇವೆ. ಈ ಯಂತ್ರದ ರಚನೆಯನ್ನೂ ಕಾರ್ಯವನ್ನೂ ಇಂಗ್ಲಂಡಿನ ವೀರಾ ಫ್ರೆಟರ್ ಮತ್ತು ಅಲಾಸ್ಟೇರ್ ಗ್ರಹಾಂ ಎಂಬ ವಿದ್ವಾಂಸರು ೧೯೪೯ರಲ್ಲಿ ವಿಶದಪಡಿಸಿದರು. ಅಲ್ಲಿಯವರೆಗೆ ಈ ಕುಟುಂಬದ ಸಾವಿರಾರು ಪ್ರಭೇದಗಳಿಗೆ ಹೆಸರಿಡಲಾಗಿದ್ದರೂ, ಅವು ಏನನ್ನು ತಿಂದು ಬದುಕುತ್ತವೆಂಬದು ಚೆನ್ನಾಗಿ ತಿಳಿದಿರಲಿಲ್ಲ.

೨. ಹಳೆಯ ವರ್ಗೀಕರಣದ ತಪ್ಪು

ಎರಡೂ ಚಿಕ್ಕವು, ಎರಡೂ ಚೂಪು, ಎರಡಕ್ಕೂ ನಾಲಗೆಯಿಲ್ಲ, ಎರಡೂ ರಸವನ್ನು ಹೀರುತ್ತವೆ. ಹಿಂದಿನ ವಿದ್ವಾಂಸರು ಇವೆರಡನ್ನೂ ‘ನಾಲಗೆಯಿಲ್ಲದವು’ ಎಂಬ ಒಂದೇ ಗುಂಪಿನಲ್ಲಿ ಸೇರಿಸಿದ್ದು ಸಹಜವೇ ಆಗಿತ್ತು. ಆದರೆ ಈ ತರ್ಕದಲ್ಲಿ ಒಂದು ಬಿರುಕಿದೆ. ನಾಲಗೆಯಿರುವದು ಕೆರೆದು ತಿನ್ನುವದಕ್ಕೆ. ರಸವನ್ನೇ ಕುಡಿಯುವ ಪ್ರಾಣಿಗೆ ಅದರ ಪ್ರಯೋಜನವಿಲ್ಲ. ಪ್ರಯೋಜನವಿಲ್ಲದ ಅಂಗವು ಪೀಳಿಗೆಗಳು ಕಳೆದಂತೆ ಲೋಪವಾಗುತ್ತದೆ. ಈ ಲೋಪವು ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿಯೇ ನಡೆಯಬಹುದು. ಬೆಟಗೇರಿಯಲ್ಲಿ ಮಗ್ಗದ ಸಪ್ಪಳ ಕೇಳಿಬರುವ ಮನೆಗಳೆಲ್ಲ ಒಂದೇ ಮನೆತನದವೆಂದು ಯಾರಾದರೂ ಬರೆದರೆ ನಾವು ನಗುತ್ತೇವೆ. ವೃತ್ತಿಯ ಸಾಮ್ಯದಿಂದ ವಂಶದ ಸಾಮ್ಯವು ಸಿದ್ಧವಾಗುವದಿಲ್ಲ.

ಹಾಗಾದರೆ ವಂಶವನ್ನು ತೋರಿಸುವ ಗುರುತು ಯಾವದು? ವೃತ್ತಿಯ ಒತ್ತಡಕ್ಕೆ ಸಿಕ್ಕದೆ ಉಳಿದ ಗುರುತು. ಪಿರಮಿಡೆಲ್ಲಿಡೀಗಳಲ್ಲಿ ಅಂಥದೊಂದು ಚಿಪ್ಪಿನ ತುದಿಯಲ್ಲಿಯೇ ಇದೆ.

ಇದನ್ನು ತಿಳಿಯುವದಕ್ಕೆ ನಮಗೆ ಪರಿಚಿತವಾದ ಬಲಮುರಿ ಶಂಖವನ್ನು ನೆನೆಯೋಣ. ಪ್ರಾಣಿಶಾಸ್ತ್ರಜ್ಞರು ಶಂಖದ ಚೂಪಾದ ಸುರುಳಿತುದಿಯನ್ನು ಮೇಲಕ್ಕೂ ಬಾಯಿಯನ್ನು ತಮ್ಮ ಕಡೆಗೂ ಮಾಡಿ ಹಿಡಿಯುತ್ತಾರೆ. ಬಾಯಿ ಬಲಕ್ಕೆ ಬಂದರೆ ಅದು ಬಲಸುರುಳಿ, ಎಡಕ್ಕೆ ಬಂದರೆ ಎಡಸುರುಳಿ. ಶಂಖಗಳಲ್ಲಿ ಸಾಮಾನ್ಯವಾದದ್ದು ಬಲಸುರುಳಿ. ನಮ್ಮ ಸಂಪ್ರದಾಯದಲ್ಲಿ ಶಂಖವನ್ನು ಇದಕ್ಕೆ ತಲೆಕೆಳಗಾಗಿ ಹಿಡಿಯುವದರಿಂದ, ಪೂಜ್ಯವೂ ಅತಿವಿರಳವೂ ಆದ ಬಲಮುರಿ ಶಂಖವು ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಎಡಸುರುಳಿಯಾಗುತ್ತದೆ.

ಪಿರಮಿಡೆಲ್ಲಿಡೀಯ ಚಿಪ್ಪು ಬಲಸುರುಳಿಯದೇ. ಆದರೆ ಅದರ ತುದಿಯಲ್ಲಿ, ಪ್ರಾಣಿಯು ಡಿಂಭವಾಗಿದ್ದಾಗ ಕಟ್ಟಿಕೊಂಡ ಮೊದಲ ಸುರುಳಿಯು ಎಡಕ್ಕೆ ಸುತ್ತಿರುತ್ತದೆ. ಬೆಳೆದ ಚಿಪ್ಪಿನ ನೆತ್ತಿಯ ಮೇಲೆ ಅಡ್ಡಲಾಗಿ ಮಲಗಿದಂತೆ ಕಾಣುತ್ತದೆ. ಯೂಲಿಮಿಡೀಗಳಲ್ಲಿ ಈ ತಿರುವು ಇಲ್ಲ; ಮೊದಲಿನಿಂದ ಕಡೆಯವರೆಗೂ ಒಂದೇ ದಿಕ್ಕು. ಶಾಸನದ ಕೆಳಗಿನ ಸಾಲುಗಳೆಲ್ಲ ಸವೆದಿದ್ದರೂ ಮೇಲಿನ ಒಂದು ಸಾಲು ಅರಸನ ವಂಶವನ್ನು ಹೇಳುವಂತೆ, ಮರಳಿನಲ್ಲಿ ಸಿಕ್ಕ ಸತ್ತ ಚಿಪ್ಪು ಕೂಡ, ತುದಿ ಮುರಿಯದಿದ್ದರೆ, ತನ್ನ ವಂಶವನ್ನು ಹೇಳುತ್ತದೆ.

ಇದಕ್ಕೆ ಬೇರೆ ಸಾಕ್ಷಿಗಳೂ ಸೇರಿದವು. ಪಿರಮಿಡೆಲ್ಲಿಡೀಗಳು ಉಭಯಲಿಂಗಿಗಳು: ಒಂದೇ ದೇಹದಲ್ಲಿ ಹೆಣ್ಣು ಗಂಡು ಎರಡರ ಅಂಗಗಳೂ ಏಕಕಾಲಕ್ಕೆ ಇರುತ್ತವೆ. ಯೂಲಿಮಿಡೀಗಳಲ್ಲಿ ಹೆಣ್ಣು ಗಂಡುಗಳು ಬೇರೆಯಾಗಿರುವದುಂಟು, ಅಥವಾ ಮೊದಲು ಗಂಡಾಗಿದ್ದು ಮುಂದೆ ಹೆಣ್ಣಾಗುವದುಂಟು. ತೈಕದ ಗಂಡು ಹೆಣ್ಣಿನ ಮುಂದೆ ಬಹು ಚಿಕ್ಕದು. ಇಂಥ ಲಕ್ಷಣಗಳನ್ನು ತೂಗಿನೋಡಿ ಫ್ರೆಟರ್ ಮತ್ತು ಗ್ರಹಾಂ ಅವರು ೧೯೪೯ರಲ್ಲಿಯೇ ಪಿರಮಿಡೆಲ್ಲಿಡೀಯನ್ನು ಹಳೆಯ ಗುಂಪಿನಿಂದ ಬೇರ್ಪಡಿಸಿದರು. ೧೯೮೫ರಲ್ಲಿ ಗೆರ್ಹಾರ್ಡ್ ಹಾಸ್ಪ್ರುನರನು ಹೆಟೆರೊಬ್ರ್ಯಾಂಕಿಯ ಎಂಬ ದೊಡ್ಡ ಶಾಖೆಯ ಸ್ವರೂಪವನ್ನು ನಿರ್ಣಯಿಸಿದಾಗ ಈ ಕುಟುಂಬಕ್ಕೆ ಅಲ್ಲಿ ಸ್ಥಾನ ದೊರೆಯಿತು. ೨೦೧೦ರಲ್ಲಿ ಪ್ರಕಟವಾದ, ಆನುವಂಶಿಕ ದ್ರವ್ಯದ ಹೋಲಿಕೆಯನ್ನು ಆಧರಿಸಿದ ಅಧ್ಯಯನವೊಂದು ಅದೇ ಶಾಖೆಯೊಳಗೆ ಇವನ್ನು ಶ್ವಾಸಕೋಶದಿಂದ ಉಸಿರಾಡುವ ಉದರಪಾದಿಗಳ ಬಳಗದಲ್ಲಿ ಇರಿಸಿತು. ಯೂಲಿಮಿಡೀಗಳಾದರೋ ಸೀನೊಗ್ಯಾಸ್ಟ್ರೊಪೊಡ ಎಂಬ ಇನ್ನೊಂದು ಶಾಖೆಗೆ ಸೇರಿದವು.

ಈ ನಿರ್ಣಯದ ಸ್ವಾರಸ್ಯವು ನಮ್ಮ ಊರಿನವರಿಗೆ ಹೆಚ್ಚು ತಿಳಿಯಬೇಕು. ಶಂಖವೂ ಕವಡೆಯೂ ಸೀನೊಗ್ಯಾಸ್ಟ್ರೊಪೊಡ ಶಾಖೆಯವೇ. ಹೀಗಾಗಿ ನಕ್ಷತ್ರಮೀನಿನ ರಸ ಹೀರುವ ಯೂಲಿಮಿಡೀಯು ಜೋಗತಿಯ ಸರದ ಕವಡೆಗೆ ಬಂಧು. ಸಿಂಪಿಯ ರಸ ಹೀರುವ ಪಿರಮಿಡೆಲ್ಲಿಡೀಯು ಮುಂಡರಗಿಯ ಹೊಲದ ಬಸವನಹುಳುವಿಗೆ ಬಂಧು. ಒಂದೇ ಕಡಲಿನಲ್ಲಿ ಒಂದೇ ವೃತ್ತಿಯನ್ನು ನಡೆಸುವ ಈ ಎರಡು ಕಿರುಶಂಖಗಳು ಪರಸ್ಪರ ದೂರದವು.

೩. ಹೆಸರುಗಳ ರಾಶಿ

ಕುಟುಂಬದ ಪ್ರಶ್ನೆ ಬಗೆಹರಿದರೂ ಪ್ರಭೇದಗಳ ಪ್ರಶ್ನೆ ಬಗೆಹರಿದಿಲ್ಲ. ಪಿರಮಿಡೆಲ್ಲಿಡೀಗಳಿಗೆ ಈವರೆಗೆ ಕೊಟ್ಟಿರುವ ಪ್ರಭೇದನಾಮಗಳು ೬,೦೦೦ಕ್ಕೂ ಹೆಚ್ಚು, ಜಾತಿನಾಮಗಳು ೩೫೦ಕ್ಕೂ ಹೆಚ್ಚು. ಇವುಗಳಲ್ಲಿ ಎಷ್ಟೋ ಹೆಸರುಗಳು ಒಂದೇ ಪ್ರಾಣಿಗೆ ಎರಡು ಮೂರು ಸಲ ಇಟ್ಟವು. ಅಮೇರಿಕೆಯ ಪಶ್ಚಿಮ ತೀರದ ಪ್ರಭೇದಗಳ ಮೇಲೆ ಡಾಲ್ ಮತ್ತು ಬಾರ್ಟ್ಷ್ ಎಂಬವರು ೧೯೦೯ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥವು ಮುಖ್ಯವಾಗಿ ಚಿಪ್ಪಿನ ವರ್ಣನೆಯೇ ಆಗಿದೆ.

ನಮ್ಮ ಅರಬ್ಬೀ ಸಮುದ್ರದ ಕಥೆಯೂ ಇಂಥದೇ. ಕ್ಯಾಪ್ಟನ್ ಎಫ್. ಡಬ್ಲ್ಯೂ. ಟೌನ್ಸೆಂಡ್ ಎಂಬವನು ಸಮುದ್ರದ ತಂತಿಯನ್ನು ನೋಡಿಕೊಳ್ಳುವ ಹಡಗಿನಲ್ಲಿ ಕೆಲಸಮಾಡುತ್ತಿದ್ದು, ೧೮೯೩ರಿಂದ ಪಾರಸೀ ಕೊಲ್ಲಿ, ಓಮಾನ್ ಕೊಲ್ಲಿ ಮತ್ತು ಅರಬ್ಬೀ ಸಮುದ್ರದಲ್ಲಿ ಚಿಪ್ಪುಗಳನ್ನು ಸಂಗ್ರಹಿಸಿದನು. ಅವನ್ನು ಇಂಗ್ಲಂಡಿನಲ್ಲಿ ಮೆಲ್ವಿಲ್ ಮತ್ತು ಸ್ಟ್ಯಾಂಡನ್ ಎಂಬವರು ಪರೀಕ್ಷಿಸಿ ೧೯೦೧ರಲ್ಲಿ ಪಟ್ಟಿಯನ್ನು ಪ್ರಕಟಿಸಿದರು. ೧೯೧೦ರಲ್ಲಿ ಮೆಲ್ವಿಲನು ಆ ಭಾಗದ ಪಿರಮಿಡೆಲ್ಲಿಡೀಗಳನ್ನೇ ಪ್ರತ್ಯೇಕವಾಗಿ ಪರಿಶೀಲಿಸಿದನು. ಸಾಮ್ರಾಜ್ಯದ ತಂತಿಯ ಬೆನ್ನು ಹತ್ತಿ ಪ್ರಾಣಿಗಳ ನಾಮಕರಣವೂ ನಡೆಯಿತೆಂಬದು ಇತಿಹಾಸಕಾರರಿಗೆ ಗಮನಾರ್ಹ ಸಂಗತಿ. ಆದರೆ ಕಡಲಿನ ತಳದಿಂದ ಎತ್ತಿದ ಚಿಪ್ಪು, ತಾನು ಯಾವ ಸಿಂಪಿಯ ಅಂಚಿನಲ್ಲಿ, ಯಾವ ಹುಳುವಿನ ಕೊಳವೆಯ ಬಳಿ ಬದುಕಿತ್ತೆಂಬದನ್ನು ಹೇಳಲಾರದು.

ಇಲ್ಲಿಯೇ ನನಗೆ ನಮ್ಮ ಶಾಸ್ತ್ರದ ನೋವು ನೆನಪಾಗುತ್ತದೆ. ಗುಡಿಯಿಂದ ಕಿತ್ತು ತಂದ ಶಿಲ್ಪವು ಎಷ್ಟು ಸುಂದರವಾಗಿದ್ದರೂ ಅರ್ಧ ಮೂಕವೇ. ಅದು ಯಾವ ಗೋಡೆಯಲ್ಲಿತ್ತು, ಅದರ ಎದುರು ಏನಿತ್ತು ಎಂಬದು ಹೋದರೆ ಶೈಲಿಯ ಊಹೆಯೊಂದೇ ಉಳಿಯುತ್ತದೆ. ಶೈಲಿಯಂತೂ ಮೋಸಮಾಡಬಲ್ಲದು: ಹಳೆಯ ದಾನಗಳನ್ನು ಮುಂದಿನ ಕಾಲದ ಲಿಪಿಯಲ್ಲಿ ನಕಲು ಮಾಡಿ ಕೆತ್ತಿದ್ದನ್ನು ಲಕ್ಷ್ಮೇಶ್ವರದ ಶಾಸನಗಳಲ್ಲಿ ನಾವು ಬಲ್ಲೆವು. ಆತಿಥೇಯನ ಹೆಸರಿಲ್ಲದ ಪರೋಪಜೀವಿಯ ಚಿಪ್ಪೂ ಸ್ಥಳದ ಹೆಸರಿಲ್ಲದ ಶಿಲ್ಪವೂ ಒಂದೇ ಬಗೆಯ ಅನಾಥ ದಾಖಲೆಗಳು.

ಈ ಅಜ್ಞಾನಕ್ಕೆ ಬೆಲೆಯೂ ಇದೆ. ಅಮೇರಿಕೆಯ ಪೂರ್ವ ತೀರದಲ್ಲಿ ಬೂನಿಯ ಇಂಪ್ರೆಸ ಎಂಬ ಪಿರಮಿಡೆಲ್ಲಿಡೀಯು ಸಿಂಪಿಗಳ ಬೆಳವಣಿಗೆಯನ್ನು ಕುಂಠಿತಗೊಳಿಸುವದಲ್ಲದೆ, ಒಂದು ಸಿಂಪಿಯ ರೋಗಾಣುವನ್ನು ಇನ್ನೊಂದಕ್ಕೆ ದಾಟಿಸಬಲ್ಲದೆಂದು ೧೯೮೦ರ ದಶಕದ ಸಂಶೋಧನೆಗಳು ತೋರಿಸಿದವು. ಶಾಂತಸಾಗರದ ಪ್ರದೇಶದಲ್ಲಿ ದೈತ್ಯ ಸಿಂಪಿಗಳನ್ನು ಸಾಕುವ ಕೇಂದ್ರಗಳಲ್ಲಿಯೂ ಇದೇ ಕುಟುಂಬದವು ಮರಿಗಳಿಗೆ ಕಂಟಕವಾಗಿವೆ. ಅಘನಾಶಿನಿಯ ಅಳಿವೆಯಲ್ಲಿ ಸಿಂಪಿಗಳನ್ನು ಆಯ್ದು ಜೀವಿಸುವ ಕುಟುಂಬಗಳಿರುವ ನಮ್ಮ ಕರಾವಳಿಯಲ್ಲಿ, ಯಾವ ಸಿಂಪಿಯ ಮೇಲೆ ಯಾವ ಕಿರುಶಂಖವಿದೆಯೆಂದು ತಿಳಿದುಕೊಳ್ಳುವದು ಕೇವಲ ಪಂಡಿತರ ವಿನೋದವಲ್ಲ.

೪. ಉಪಸಂಹಾರ

ಆಕಾರವನ್ನು ನೋಡಿದರೆ ಸಾಕೇ ಎಂಬ ವಿದ್ಯಾರ್ಥಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಆಕಾರವು ಬೇಕು, ಆದರೆ ಯಾವ ಆಕಾರವು ವೃತ್ತಿಯಿಂದ ಬಂದದ್ದು, ಯಾವದು ವಂಶದಿಂದ ಬಂದದ್ದು ಎಂದು ವಿಂಗಡಿಸಬೇಕು; ಅದರ ಜೊತೆಗೆ ವಸ್ತುವು ಸಿಕ್ಕ ಸನ್ನಿವೇಶವು ತಿಳಿದಿರಬೇಕು. ಪ್ರಾಣಿಶಾಸ್ತ್ರಕ್ಕೂ ಇತಿಹಾಸಕ್ಕೂ ಇದರಲ್ಲಿ ಭೇದವಿಲ್ಲ.

ನಮ್ಮ ಕಾಲೇಜುಗಳಿಂದ ಕಾರವಾರಕ್ಕೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಚೀಲ ತುಂಬ ಚಿಪ್ಪುಗಳನ್ನು ತರುವದು ರೂಢಿ. ಅದಕ್ಕೆ ಬದಲಾಗಿ ಒಂದು ಟಿಪ್ಪಣಿಪುಸ್ತಕವನ್ನು ಒಯ್ಯಲಿ. ಸಿಂಪಿಯ ಅಂಚಿನಲ್ಲಾಗಲಿ ನಕ್ಷತ್ರಮೀನಿನ ತೋಳಿನಲ್ಲಾಗಲಿ ಬಿಳಿಯ ಕಿರುಶಂಖ ಕಂಡರೆ, ಅದನ್ನು ಕೀಳದೆ, ಆತಿಥೇಯ ಯಾರು, ಸ್ಥಳ ಯಾವದು, ದಿನ ಯಾವದು, ಎಷ್ಟಿದ್ದವು ಎಂದು ಬರೆದುಕೊಂಡು ಚಿತ್ರ ತೆಗೆಯಲಿ. ಸಮುದ್ರಸೌತೆಗಳಂತೂ ೨೦೦೧ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿವೆ, ಅವುಗಳನ್ನು ಹಿಡಿಯಲಾಗದು. ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವು ಕಾರವಾರದ ಕೋಡಿಬಾಗದಲ್ಲಿಯೇ ಇದೆ; ಅಲ್ಲಿಯ ಅಧ್ಯಾಪಕರಿಗೆ ಈ ಟಿಪ್ಪಣಿಯನ್ನು ತೋರಿಸಿ ತಿಳಿವಳಿಕೆ ಪಡೆಯಬಹುದು. ಸ್ಥಳವನ್ನೂ ದಿನವನ್ನೂ ಬರೆದಿಡುವ ಈ ಅಭ್ಯಾಸವು ಒಮ್ಮೆ ಕೈಗೆ ಹತ್ತಿದರೆ, ಅದೇ ವಿದ್ಯಾರ್ಥಿಯು ಬೆಟಗೇರಿಯ ವೀರಗಲ್ಲಿನ ಮುಂದೆ ನಿಂತಾಗಲೂ ಅದು ಅವನನ್ನು ಬಿಡುವದಿಲ್ಲ.