ಕಬ್ಬಿನ ಜಲ್ಲೆಯಿಂದ ಭರ್ಜಿಗೆ

ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವನ್ನು ಒಮ್ಮೆ ಪ್ರದಕ್ಷಿಣೆ ಬಂದವರಿಗೆ ಅದರ ತಳದ ಪಟ್ಟಿಕೆಗಳ ನೆನಪು ಬೇಗನೆ ಮಾಸದು. ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರ ಸಾಲು, ಇನ್ನೂ ಮೇಲೆ ರಾಮಾಯಣ ಮಹಾಭಾರತಗಳ ಪ್ರಸಂಗಗಳು. ಹದಿಮೂರನೆಯ ಶತಮಾನದ ಹೊಯ್ಸಳ ಶಿಲ್ಪಿ ಯುದ್ಧವನ್ನು ಕಂಡರಿಸುವಾಗ ಆಯುಧವನ್ನು ಸಾಮಾನ್ಯವಾಗಿ ಗಂಡಸಿನ ಕೈಗೇ ಕೊಟ್ಟನು. ಬೇಲೂರಿನ ಬೇಟೆಗಾರ್ತಿಯಂಥ ಮದನಿಕೆಯರನ್ನು ಬಿಟ್ಟರೆ, ನಮ್ಮ ಶಿಲ್ಪಸಂಪ್ರದಾಯದಲ್ಲಿ ಹೆಣ್ಣು ಆಯುಧ ಹಿಡಿಯಬೇಕಾದರೆ ಬಹುಮಟ್ಟಿಗೆ ದೇವಿಯೇ ಆಗಿರಬೇಕು. ಮಾತಿನ ಲೋಕದಲ್ಲಿಯೂ ಇದೇ ಕಥೆ. ಕುಂತ, ತೋಮರ, ಈಟಿ, ಭಲ್ಲೆ, ಭರ್ಜಿ ಎಂದು ಈ ನೀಳವಾದ ಆಯುಧಕ್ಕೆ ಹೆಸರುಗಳ ಬಡತನವಿಲ್ಲ. ಅದನ್ನು ಎಸೆಯುವ ಹೆಣ್ಣಿಗೆ ಮಾತ್ರ ಹೆಸರು ಹುಡುಕಬೇಕು. ಪತ್ರಿಕೆಗಳು ‘ಜಾವೆಲಿನ್’ ಎಂದು ಬರೆದು ಪಾರಾಗುತ್ತವೆ. ನಾನಿಲ್ಲಿ ಭರ್ಜಿ ಎನ್ನುತ್ತೇನೆ, ಪಂಡಿತರು ಮನ್ನಿಸಲಿ.

ಇಷ್ಟು ಪೀಠಿಕೆ ಅನ್ನು ರಾಣಿಯ ಸಲುವಾಗಿ. ಉತ್ತರ ಪ್ರದೇಶದ ಮೀರತ್ ಜಿಲ್ಲೆಯ ಬಹದ್ದೂರಪುರವೆಂಬ ಹಳ್ಳಿಯಲ್ಲಿ ೧೯೯೨ರಲ್ಲಿ ಹುಟ್ಟಿದ ಈಕೆ ರೈತನ ಮಗಳು, ಐವರು ಮಕ್ಕಳಲ್ಲಿ ಕಿರಿಯಳು. ಮೀರತ್ ಸೀಮೆಯೂ ನಮ್ಮ ಮಂಡ್ಯದ ಸೀಮೆಯಂತೆ ಕಬ್ಬಿನ ನಾಡು. ಕ್ರಿಕೆಟ್ ಆಟದ ನಡುವೆ ತಂಗಿ ಚೆಂಡನ್ನು ಎಸೆದ ದೂರವನ್ನು ಕಂಡು ಅಣ್ಣನಿಗೆ ಬೆರಗಾಯಿತು. ಅವನು ಆಕೆಯ ಕೈಗೆ ಕಬ್ಬಿನ ಜಲ್ಲೆಯನ್ನು ಕೊಟ್ಟು ಬಯಲಿನಲ್ಲಿ ಎಸೆಯಲು ಹೇಳಿದನು. ಆಮೇಲೆ ಬಿದಿರಿನ ಭರ್ಜಿ ಬಂದಿತು. ಹುಡುಗಿಗೆ ಇದೆಲ್ಲ ಏಕೆ ಎಂದು ತಂದೆಗೆ ಮೊದಮೊದಲು ಮನಸ್ಸಿರಲಿಲ್ಲ. ಅಣ್ಣನೂ ಓಟಗಾರನೇ, ಒಂದು ಮನೆಯಿಂದ ಇಬ್ಬರು ಕ್ರೀಡಾಪಟುಗಳ ಖರ್ಚು ಏಳದೆಂದು ಅರಿತು ಅವನು ತನ್ನ ಓಟವನ್ನು ಕೈಬಿಟ್ಟನು.

ಈ ಅಣ್ಣನ ಕಣ್ಣಿನ ವಿಷಯ ನನಗೆ ದೊಡ್ಡದಾಗಿ ತೋರುತ್ತದೆ. ಕಬ್ಬಿನ ಹೊರೆಯನ್ನು ತಲೆಯ ಮೇಲಕ್ಕೆ ಎತ್ತಿಕೊಳ್ಳುವ, ಹುಲ್ಲಿನ ಕಂತೆಯನ್ನು ಬಣವೆಯ ಮೇಲಕ್ಕೆ ಎಸೆಯುವ ಹೆಣ್ಣುಮಕ್ಕಳು ನಮ್ಮ ಕೃಷ್ಣರಾಜಪೇಟೆಯ ಸುತ್ತಿನ ಹಳ್ಳಿಗಳಲ್ಲಿ ಕಡಮೆಯೆ? ಆ ತೋಳಿನ ಬಲವನ್ನು ನಾವು ದಿನವೂ ಉಪಯೋಗಿಸಿಕೊಳ್ಳುತ್ತೇವೆ, ಅಳೆಯುವುದಿಲ್ಲ. ಅಳತೆಪಟ್ಟಿ ಹಿಡಿದು ಒಬ್ಬನು ನಿಂತರೆ ಏನಾಗುತ್ತದೆಂಬುದಕ್ಕೆ ಅನ್ನು ರಾಣಿಯ ಹದಿನೈದು ವರ್ಷಗಳ ಬದುಕು ಸಾಕ್ಷಿ.

ಹೆಂಗಸರ ಭರ್ಜಿ ೬೦೦ ಗ್ರಾಂ ತೂಕದ್ದು, ಎರಡೂಕಾಲು ಮೀಟರಿನಷ್ಟು ಉದ್ದ. ತೋಳಿನ ಬಲವೊಂದರಿಂದಲೇ ಅದು ಹಾರುತ್ತದೆಂದು ತಿಳಿದವರು ಮೋಸಹೋಗುತ್ತಾರೆ. ಓಡಿ ಬಂದ ವೇಗವನ್ನು ಕೊನೆಯ ಹೆಜ್ಜೆಯಲ್ಲಿ ಎಡಗಾಲು ತಟ್ಟನೆ ತಡೆಯಬೇಕು. ತಡೆದ ವೇಗ ಸೊಂಟವನ್ನು ಏರಿ, ಭುಜವನ್ನು ದಾಟಿ, ಬೆರಳ ತುದಿಗೆ ಬರಬೇಕು. ಗೆರೆ ಮೆಟ್ಟಿದರೆ ಎಸೆತ ಹೋಯಿತು. ಮೊನೆ ಮೊದಲು ನೆಲಕ್ಕೆ ತಾಕದಿದ್ದರೂ ಹೋಯಿತು. ವರ್ಷಗಟ್ಟಲೆ ದುಡಿದದ್ದು ಒಂದು ಕ್ಷಣದ ವಕ್ರತೆಗೆ ಬಲಿಯಾಗುವ ಈ ಆಟಕ್ಕೆ ಗುರು ಬೇಕೇ ಬೇಕು. ರಾಷ್ಟ್ರೀಯ ಶಿಬಿರದಲ್ಲಿ ಅನ್ನುವಿಗೆ ದೊರೆತ ಗುರು ನಮ್ಮವರೇ: ೨೦೧೦ರ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ಶಿರಸಿಯ ಕಾಶೀನಾಥ ನಾಯ್ಕರು.

ಆಕೆಗಿಂತ ಮುಂಚೆ ಯಾರೂ ಇರಲಿಲ್ಲವೆಂದಲ್ಲ. ಏಷ್ಯನ್ ಕ್ರೀಡಾಕೂಟಗಳಲ್ಲಿ ೧೯೫೧ರಲ್ಲಿ ಬಾರ್ಬರಾ ವೆಬ್‌ಸ್ಟರ್ ಕಂಚನ್ನೂ, ೧೯೫೮ರಲ್ಲಿ ಎಲಿಜಬೆತ್ ಡ್ಯಾವೆನ್‌ಪೋರ್ಟ್ ಬೆಳ್ಳಿಯನ್ನೂ ತಂದಿದ್ದರು. ಬಳಿಕ ದೀರ್ಘ ಮೌನ. ೨೦೦೦ದಲ್ಲಿ ಗುರ್ಮೀತ್ ಕೌರ್ ಬೆಂಗಳೂರಿನಲ್ಲಿ ಎಸೆದ ೫೮.೬೪ ಮೀಟರು ಹದಿನಾಲ್ಕು ವರ್ಷ ರಾಷ್ಟ್ರದ ದಾಖಲೆಯಾಗಿ ಉಳಿಯಿತು. ೨೦೧೪ರಲ್ಲಿ ಅನ್ನು ಅದನ್ನು ಮುರಿದದ್ದು ೫೮.೮೩ ಮೀಟರಿಗೆ; ಅಂದರೆ ಒಂದು ಗೇಣಿನಷ್ಟು ಮುಂದೆ. ಅದೇ ವರ್ಷ ಇಂಚಿಯಾನಿನ ಏಷ್ಯನ್ ಕೂಟದಲ್ಲಿ ಕಂಚು. ೨೦೧೯ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಂತಿಮ ಸುತ್ತನ್ನು ಮುಟ್ಟಿದ ಮೊದಲ ಭಾರತೀಯ ಭರ್ಜಿಗಾರ್ತಿಯಾದಳು. ೨೦೨೨ರಲ್ಲಿ ಜಮಷೇಡ್‌ಪುರದಲ್ಲಿ ಭರ್ಜಿ ೬೩.೮೨ ಮೀಟರಿಗೆ ನಾಟಿತು. ಅದೇ ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ ಕಾಮನ್‌ವೆಲ್ತ್ ಕಂಚೂ ಬಂದಿತು. ಎಂಟು ವರ್ಷಗಳ ದುಡಿಮೆಗೆ ಐದು ಮೀಟರು! ಪೇಟೆಯ ಬೀದಿಯಲ್ಲಿ ಏಳೆಂಟು ಹೆಜ್ಜೆಯ ದೂರ.

ಈ ಏರುವಿಕೆ ನೇರವಾಗಿತ್ತೆಂದು ಯಾರೂ ಭಾವಿಸಬಾರದು. ಟೋಕಿಯೋ ಒಲಿಂಪಿಕ್ಸಿನಲ್ಲಿ ಆಕೆಯ ಭರ್ಜಿ ೫೪.೦೪ ಮೀಟರಿಗೇ ಬಿದ್ದಿತು. ೨೦೨೩ರ ಆಗಸ್ಟಿನಲ್ಲಿ ಬುಡಾಪೆಸ್ಟಿನ ವಿಶ್ವಕೂಟದಲ್ಲಿ ಅಂತಿಮ ಸುತ್ತು ಕೈತಪ್ಪಿತು. ಮೂವತ್ತು ದಾಟಿದ ಹೆಣ್ಣಿನ ಕಾಲ ಮುಗಿಯಿತೆನ್ನಲು ನಾಲಿಗೆಗಳಿಗೆ ಬರವೆ? ಅಕ್ಟೋಬರ್ ೩ರಂದು ಹಾಂಗ್‌ಝೌ ನಗರದ ಏಷ್ಯನ್ ಕೂಟದಲ್ಲಿ, ನಾಲ್ಕನೆಯ ಎಸೆತದಲ್ಲಿ, ಭರ್ಜಿ ೬೨.೯೨ ಮೀಟರಿನಲ್ಲಿ ನೆಲಕ್ಕೆ ನಾಟಿತು. ಶ್ರೀಲಂಕೆಯ ನದೀಶಾ ದಿಲ್ಹಾನ್ ಲೇಕಂಗೆ ೬೧.೫೭ಕ್ಕೆ ನಿಂತಳು, ಆತಿಥೇಯ ಚೀನದ ಲ್ಯು ಹುಯ್‌ಹುಯ್ ಮೂರನೆಯವಳಾದಳು. ಈ ಸ್ಪರ್ಧೆಯಲ್ಲಿ ಭಾರತದ ಹೆಣ್ಣೊಬ್ಬಳಿಗೆ ಏಷ್ಯನ್ ಚಿನ್ನ ಬಂದುದು ಅದೇ ಮೊದಲು. ಬಾರ್ಬರಾ ವೆಬ್‌ಸ್ಟರಳ ಕಂಚಿನಿಂದ ಲೆಕ್ಕ ಹಾಕಿದರೆ ಎಪ್ಪತ್ತೆರಡು ವರ್ಷ.

ಆ ಚಿನ್ನದೊಡನೆ ಕಥೆ ಮುಗಿದಿದ್ದರೆ ಕಾವ್ಯನ್ಯಾಯವಾಗುತ್ತಿತ್ತು. ಭರ್ಜಿಗೆ ಕಾವ್ಯದ ಹಂಗಿಲ್ಲ. ೨೦೨೪ರ ಪ್ಯಾರಿಸಿನಲ್ಲಿ ೫೫.೮೧ ಮೀಟರು, ಮತ್ತೆ ಅರ್ಹತಾ ಸುತ್ತಿನಲ್ಲಿಯೇ ನಿಲುಗಡೆ. ಜೆಕ್ ನಾಡಿನ ಬಾರ್ಬೊರಾ ಷ್ಪೊಟಾಕೊವಾ ೨೦೦೮ರಲ್ಲಿ ಸಾಧಿಸಿದ ೭೨.೨೮ ಮೀಟರಿನ ವಿಶ್ವದಾಖಲೆಯಂತೂ ಬಹಳ ಮುಂದಿದೆ. ಆದರೂ ೨೦೨೫ರ ಆಗಸ್ಟಿನಲ್ಲಿ, ಮೂವತ್ತಮೂರು ತುಂಬಲು ಕೆಲವೇ ದಿನಗಳಿದ್ದಾಗ, ಪೋಲೆಂಡಿನ ಷ್ಚೆಚಿನ್ ನಗರದಲ್ಲಿ ಆಕೆ ಮತ್ತೆ ಓಡಿಬಂದು, ಎಡಗಾಲನ್ನು ಊರಿ, ೬೨.೫೯ ಮೀಟರು ಎಸೆದು ಗೆದ್ದಳು.