ಮೊದಲು ಆರು ಮೀನು ಸಾಕು

“ತಾತಾ, ಇವತ್ತಾದರೂ ಮೀನು ತರೋಣವಾ?”

5 ವಾರಗಳಿಂದ ಪ್ರತಿ ಭಾನುವಾರ ನನ್ನ ಮೊಮ್ಮಗಳು ಪುಟ್ಟಿ ಕೇಳುತ್ತಿದ್ದ ಪ್ರಶ್ನೆಯಿದು. ನಮ್ಮ ಮನೆಯ 60 ಲೀಟರಿನ ಗಾಜಿನ ತೊಟ್ಟಿಯಲ್ಲಿ ನೀರಿತ್ತು, ಮರಳಿತ್ತು, ಗಿಡಗಳಿದ್ದವು, ಫಿಲ್ಟರ್ ಗುಳುಗುಳು ಎನ್ನುತ್ತಿತ್ತು. ಮೀನು ಮಾತ್ರ ಇರಲಿಲ್ಲ.

ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಅವಳ ಹುಟ್ಟುಹಬ್ಬಕ್ಕೆ ತೊಟ್ಟಿಯನ್ನೂ 12 ಮೀನುಗಳನ್ನೂ ಒಂದೇ ದಿನ ತಂದಿದ್ದೆ. 10 ದಿನದಲ್ಲಿ ಒಂದೂ ಉಳಿಯಲಿಲ್ಲ. “ನಾನು ಸರಿಯಾಗಿ ಊಟ ಹಾಕಲಿಲ್ವಾ ತಾತಾ?” ಎಂದು ಪುಟ್ಟಿ ಅತ್ತಳು. ತಪ್ಪು ಅವಳದಲ್ಲ, ನನ್ನ ಅವಸರದ್ದು.

ಮಕ್ಕಳೇ, ಮೀನು ಹೊರಬಿಡುವ ಕಶ್ಮಲದಿಂದ, ತಿನ್ನದೆ ಉಳಿದ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಅದು ಮೀನಿಗೆ ವಿಷ. ಅದನ್ನು ಬ್ಯಾಕ್ಟೀರಿಯಾಗಳ ಒಂದು ಗುಂಪು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರಿಂದ ಅಷ್ಟು ಕೆಡುಕಿಲ್ಲ, ಗಿಡಗಳಿಗೆ ಗೊಬ್ಬರವೂ ಹೌದು. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜು, ಮರಳುಗಳಲ್ಲಿ ನೆಲೆಯೂರಲು ಹಲವು ವಾರ ಬೇಕು.

ಅದಕ್ಕೇ ಈ ಸಲ ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕಿದೆವು. “ಯಾರಿಗೆ ಊಟ ತಾತಾ?” ಎಂದು ಪುಟ್ಟಿ ನಕ್ಕಳು. “ಕಣ್ಣಿಗೆ ಕಾಣದವರಿಗೆ” ಎಂದೆ. ಟೆಸ್ಟ್ ಕಿಟ್‌ನಲ್ಲಿ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಅವಳೇ ನೋಟ್‌ಬುಕ್ಕಿನಲ್ಲಿ ಬರೆದಳು. 6ನೇ ವಾರ, ಆಹಾರ ಹಾಕುತ್ತಿದ್ದರೂ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ! ನೈಟ್ರೇಟ್ ಮಾತ್ರ ಇತ್ತು. ಅರ್ಧ ನೀರು ಬದಲಿಸಿ ಅಂಗಡಿಗೆ ಹೊರಟೆವು.

ಪುಟ್ಟಿಯ ಕಣ್ಣು ಗೋಲ್ಡ್ ಫಿಶ್ ಮೇಲೆ ಬಿತ್ತು. ಅದು ಗೇಣುದ್ದ ಬೆಳೆಯುತ್ತದೆ, ಕಶ್ಮಲವೂ ಹೆಚ್ಚು. ನಮ್ಮ ತೊಟ್ಟಿ ಅದಕ್ಕೆ ಸಾಲದು. ಮೈಮೇಲೆ ನೀಲಿ ಪಟ್ಟೆಯಿರುವ 6 ಜೀಬ್ರಾ ಡ್ಯಾನಿಯೊ ಕೊಂಡೆವು. ನಮ್ಮ ದೇಶದ ತೊರೆಗಳಲ್ಲೇ ಇರುವ ಪುಟ್ಟ, ಗಟ್ಟಿ ಜೀವ. ಗುಂಪಿನಲ್ಲಿದ್ದರೇ ಅದಕ್ಕೆ ಖುಷಿ. “ಆರೇ ಯಾಕೆ?” ಎಂದಳು. ಬ್ಯಾಕ್ಟೀರಿಯಾಗಳು ಸಿಕ್ಕ ಆಹಾರಕ್ಕೆ ತಕ್ಕಷ್ಟೇ ಬೆಳೆದಿರುತ್ತವೆ. ಒಮ್ಮೆಲೇ ಹೆಚ್ಚು ಮೀನು ಬಿಟ್ಟರೆ ಅವುಗಳ ಕೈಯಲ್ಲಿ ಆಗುವುದಿಲ್ಲ.

ಮನೆಗೆ ಬಂದು ತೊಟ್ಟಿಯ ದೀಪ ಆರಿಸಿ, ಮೀನಿನ ಚೀಲವನ್ನು 20 ನಿಮಿಷ ನೀರಿನ ಮೇಲೆ ತೇಲಿಬಿಟ್ಟೆವು. ಆಮೇಲೆ 5 ನಿಮಿಷಕ್ಕೊಮ್ಮೆ ತೊಟ್ಟಿಯ ನೀರನ್ನು ಸಣ್ಣ ಲೋಟದಲ್ಲಿ ಚೀಲಕ್ಕೆ ಸೇರಿಸಿದೆವು. ಕೊನೆಗೆ ಬಲೆಯಿಂದ ಮೀನನ್ನಷ್ಟೇ ಎತ್ತಿ ಬಿಟ್ಟು, ಚೀಲದ ನೀರನ್ನು ಹೊರಗೆ ಚೆಲ್ಲಿದೆವು.

2 ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಊಟ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು. ನಲ್ಲಿ ನೀರಿನ ಕ್ಲೋರಿನ್ ಮೀನನ್ನೂ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಆದ್ದರಿಂದ ಕ್ಲೋರಿನ್ ತೆಗೆಯುವ ಔಷಧಿ ಬೆರೆಸಿಯೇ ಹಾಕಬೇಕು. ಸ್ಪಂಜನ್ನೂ ನಲ್ಲಿಯಡಿ ತೊಳೆಯಬಾರದು, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಬೇಕು.

3 ವಾರವಾಯಿತು, ಆರೂ ಮೀನು ಚುರುಕಾಗಿವೆ. “ಈಗ ಗಪ್ಪಿ ತರೋಣ, ನಡಿ” ಎಂದು ನಾನೇ ಚಪ್ಪಲಿ ಮೆಟ್ಟಿದೆ. ಪುಟ್ಟಿ ನೋಟ್‌ಬುಕ್ ತೆರೆದಳು. ನಿನ್ನೆಯ ಸಾಲಿನಲ್ಲಿ ನೈಟ್ರೈಟ್ ಸ್ವಲ್ಪ ಕಾಣಿಸಿಕೊಂಡಿತ್ತು. ಎರಡು ದಿನದಿಂದ ಪ್ರೀತಿ ಹೆಚ್ಚಾಗಿ ಜಾಸ್ತಿ ಊಟ ಹಾಕಿದ್ದವನು ನಾನೇ.

“ಮೊದಲು ನೀರು ಬದಲಿಸೋಣ ತಾತಾ. ಗಪ್ಪಿಗೆ ಇನ್ನೊಂದು ವಾರ ಕಾಯೋಣ” ಎಂದಳು.

ನಾನು ಚಪ್ಪಲಿ ಬಿಟ್ಟು ಬಕೆಟ್ ತಂದೆ.