ಎಕರೆ-ಗುಂಟೆ ಲೆಕ್ಕಕ್ಕೊಂದು ಪ್ಲಗಿನ್: ನಿಮ್ಮ ಮಕ್ಕಳೂ ಬರೆಯಬಹುದು



ಜಮೀನಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ ವಿಸ್ತೀರ್ಣ ತಿಳಿಯಲು ಕ್ಯೂಜಿಐಎಸ್ ಎಂಬ ತಂತ್ರಾಂಶವಿದೆ. ಗ್ಯಾರಿ ಶೆರ್ಮನ್ ಎಂಬುವರು 2002ರಲ್ಲಿ ಆರಂಭಿಸಿದ ಇದು ಉಚಿತ. ಇದರ ಮೂಲ ಬರಹವೂ ಎಲ್ಲರಿಗೂ ತೆರೆದಿದೆ. ಟ್ರ್ಯಾಕ್ಟರಿಗೆ ಕಲ್ಟಿವೇಟರ್ ಜೋಡಿಸುವಂತೆ ಇದಕ್ಕೆ ಹೊಸ ಕೆಲಸ ಮಾಡುವ ‘ಪ್ಲಗಿನ್’ ಜೋಡಿಸಬಹುದು. ಪೈಥಾನ್ ಭಾಷೆ ಕಲಿತ ಮಗನೋ ಮಗಳೋ ಮನೆಯಲ್ಲಿದ್ದರೆ ಈ ಲೇಖನವನ್ನು ಅವರಿಗೆ ಓದಲು ಕೊಡಿ.

ಅಗತ್ಯವೇನು?

ಕಂಪ್ಯೂಟರ್ 2.25 ಎಕರೆ ಎಂದು ತೋರಿಸಿದರೆ ಅದು ಎರಡೂಕಾಲು ಎಕರೆ, ಅಂದರೆ 2 ಎಕರೆ 10 ಗುಂಟೆ. ಪಹಣಿಯ ರೂಢಿಯಂತೆ ಇದನ್ನು 2 ಎಕರೆ 25 ಗುಂಟೆ ಎಂದು ಓದಿಕೊಂಡರೆ 15 ಗುಂಟೆ ವ್ಯತ್ಯಾಸ. ಅಣ್ಣತಮ್ಮಂದಿರ ಪಾಲಿನಲ್ಲಿ ಜಗಳಕ್ಕೆ ಇಷ್ಟು ಸಾಕು. ವಿಸ್ತೀರ್ಣವನ್ನು ನೇರವಾಗಿ ಎಕರೆ, ಗುಂಟೆ, ಆಣೆಗಳಲ್ಲಿ ತೋರಿಸುವ ಪ್ಲಗಿನ್ ಈ ಗೊಂದಲ ತಪ್ಪಿಸುತ್ತದೆ.

ಬರೆಯುವ ಕ್ರಮ

ಮೊದಲು ಕ್ಯೂಜಿಐಎಸ್‌ನ ಪ್ಲಗಿನ್ ಭಂಡಾರದಲ್ಲಿ ಇಂಥದ್ದು ಇದೆಯೇ ನೋಡಿ. ಇದ್ದರೆ ಅದನ್ನೇ ಸುಧಾರಿಸಲು ಕೈಜೋಡಿಸುವುದು ಲೇಸು. ಎಕರೆಗೆ 40 ಗುಂಟೆ. ಗುಂಟೆಗೆ 16 ಆಣೆ, ಅಂದರೆ 1,089 ಚದರ ಅಡಿ. 16 ಆಣೆ ತುಂಬಿದರೆ ಗುಂಟೆಗೆ, 40 ಗುಂಟೆ ತುಂಬಿದರೆ ಎಕರೆಗೆ ಲೆಕ್ಕ ಏರಬೇಕು. ಪರೀಕ್ಷೆಗೆ 1 ಹೆಕ್ಟೇರ್ ಕೊಟ್ಟು ನೋಡಿ: 2 ಎಕರೆ 18 ಗುಂಟೆ, ಸುಮಾರು 13 ಆಣೆ ಬರಬೇಕು. ಅಕ್ಷಾಂಶ-ರೇಖಾಂಶದ ನಕ್ಷೆಯಲ್ಲಿ ಡಿಗ್ರಿಗಳನ್ನೇ ಗುಣಿಸಕೂಡದು. ಭೂಮಿಯ ದುಂಡನೆಯ ಆಕಾರ ಗಣಿಸಿ ವಿಸ್ತೀರ್ಣ ಕೊಡುವ ಸೌಲಭ್ಯ ಕ್ಯೂಜಿಐಎಸ್‌ನಲ್ಲೇ ಇದೆ, ಅದನ್ನು ಬಳಸಿ.

ಕಳುಹಿಸುವ ಕ್ರಮ

ಪ್ಲಗಿನ್ ಜೊತೆಗೆ ಹೆಸರು, ವಿವರಣೆ, ಆವೃತ್ತಿ, ಬರೆದವರ ಇ-ಮೇಲ್ ಇರುವ ಮೆಟಾಡೇಟಾ ಕಡತವೂ ಪರವಾನಗಿ ಕಡತವೂ ಇರತಕ್ಕದ್ದು. ಪರವಾನಗಿ ಜಿಪಿಎಲ್‌ಗೆ ಹೊಂದಬೇಕು. ಎಂದರೆ ಇತರರು ಬಳಸಲು, ತಿದ್ದಲು, ಹಂಚಲು ಅಡ್ಡಿ ಇರಕೂಡದು. ಎಲ್ಲವನ್ನೂ ಜಿಪ್ ಕಡತ ಮಾಡಿ ಭಂಡಾರಕ್ಕೆ ಏರಿಸಿದರೆ ಸ್ವಯಂಸೇವಕರು ಪರಿಶೀಲಿಸುತ್ತಾರೆ. ಲೋಪ ತೋರಿಸಿದರೆ ಬೇಸರ ಬೇಡ. ತಿದ್ದಿ ಮತ್ತೆ ಕಳುಹಿಸಿ. ಆರಂಭದಲ್ಲಿ ‘ಪ್ರಾಯೋಗಿಕ’ ಎಂದು ಗುರುತಿಸುವುದು ಒಳಿತು.

ಆಮೇಲಿನ ಆರೈಕೆ

ಸಸಿ ನೆಟ್ಟು ನೀರು ಹಾಯಿಸದಿದ್ದರೆ ಒಣಗುತ್ತದೆ. 2018ರಲ್ಲಿ ಕ್ಯೂಜಿಐಎಸ್‌ನ 3ನೇ ಆವೃತ್ತಿ ಬಂದಾಗ ಹಳೆಯ ಪ್ಲಗಿನ್‌ಗಳನ್ನು ತಿದ್ದಬೇಕಾಯಿತು. ತಿದ್ದದೆ ಬಿಟ್ಟವು ಹೊಸದರಲ್ಲಿ ನಡೆಯಲಿಲ್ಲ. ಆದ್ದರಿಂದ ಇಬ್ಬರು ಮೂವರು ಸೇರಿ ಹೊಣೆ ಹೊರುವುದು ಕ್ಷೇಮ.

ಒಂದು ಎಚ್ಚರಿಕೆ: ಕಂಪ್ಯೂಟರಿನ ಅಳತೆ ನಿಮ್ಮ ತಿಳಿವಳಿಕೆಗೆ ಮಾತ್ರ. ಪೋಡಿಗೆ, ಹದ್ದುಬಸ್ತಿಗೆ ಭೂಮಾಪಕರ ಅಳತೆಯೇ ಆಧಾರ.